ಹೊನ್ನೂರಸಾಬರ ಎರಡು ನಿಮಿಷ

ಒಂದು ಹನಿ ರಕ್ತದಿಂದ, ಒಬ್ಬ ಮನುಷ್ಯ ಯಾವ ವರ್ಷ ಎಷ್ಟು ವಿಕಿರಣ ತಿಂದಿದ್ದಾನೆ ಎಂದು ಓದಿ ಹೇಳುವ ಯಂತ್ರ ಬಂದರೆ ಎಲ್ಲರೂ ಅದಕ್ಕೆ ಆರತಿ ಎತ್ತುತ್ತಾರೆ ಎಂದುಕೊಂಡಿದ್ದೆ. ಯಂತ್ರ ಬಂತು. ಒಬ್ಬರೂ ಆರತಿ ಎತ್ತಲಿಲ್ಲ. ಕಂಪನಿ ಅದನ್ನು ಕೆಟ್ಟಿದೆ ಎಂದಿತು, ಕೆಲಸಗಾರರು ಸುಳ್ಳುಬುರುಕ ಎಂದರು, ನನ್ನ ತಮ್ಮ ಹುಲುಗಪ್ಪನಂತೂ ಅದರ ಮೇಲೆ ಉಗುಳುವುದೊಂದು ಬಾಕಿ.

ನಾನು ಪಂಪಾವತಿ. ಕರಡಿಗುಂಡು ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತೇಳು ವರ್ಷದಿಂದ ರಕ್ತಕಣ ಎಣಿಸುತ್ತಿದ್ದೇನೆ. ಎರಡು ಬೇಸಿಗೆ ಇಡೀ ರಾಜ್ಯ ಕತ್ತಲೆಯಲ್ಲಿ ಬೆಂದ ಮೇಲೆ ಜಿಲ್ಲೆಗೊಂದು ಸಣ್ಣ ರಿಯಾಕ್ಟರ್ ಬಂತಲ್ಲ, ಆಗ ನಮ್ಮೂರಿನ ಬಂಡೆಗುಡ್ಡದ ಹಿಂದೆಯೂ ಒಂದು ಬಂತು. ನಾವು ಅದನ್ನು ಬೆಳಕು ಕಂಪನಿ ಎನ್ನುತ್ತೇವೆ. ಕೆಲಸಗಾರ ಜೀವಮಾನದಲ್ಲಿ ಎಷ್ಟು ವಿಕಿರಣ ತಡೆದುಕೊಳ್ಳಬಹುದು ಎಂಬ ಗೆರೆಯನ್ನೂ ಅದೇ ಗಡಿಬಿಡಿಯಲ್ಲಿ ಸರ್ಕಾರ ಮೇಲಕ್ಕೆ ಸರಿಸಿತು. ದೀಪ ಹತ್ತಿದ ಖುಷಿಯಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಫ್ಯಾನು ಹಾಕಿಕೊಂಡು ಮಲಗಿದೆ.

ಆ ರಿಯಾಕ್ಟರಿನ ಪಕ್ಕ ಉಗಿಕೋಣೆ ಅಂತ ಒಂದಿದೆ. ಅದರೊಳಗಿನ ಪೈಪುಗಳ ಬೋಲ್ಟುಗಳು ಆಗಾಗ ಸಡಿಲಾಗುತ್ತವೆ. ಬಿಗಿ ಮಾಡಲು ರೋಬೋಟು ಕಳಿಸಿದರು; ವಿಕಿರಣಕ್ಕೆ ಅದರ ಕಣ್ಣು ಮಂಜಾಗಿ ಪೈಪುಗಳ ಸಂದಿಯಲ್ಲಿ ಸಿಕ್ಕಿಕೊಂಡಿತು. ಅದನ್ನು ಬಿಡಿಸಿ ತರಲು ಮನುಷ್ಯರೇ ಹೋಗಬೇಕಾಯಿತು. ಅಂದಿನಿಂದ ಮನುಷ್ಯರೇ. ಒಬ್ಬೊಬ್ಬ ಒಂದು ಸಲಕ್ಕೆ ಎರಡು ನಿಮಿಷ ಮಾತ್ರ ಒಳಗಿದ್ದು ಬರಬೇಕು. ಊರಿನಲ್ಲಿ ಅವರಿಗೆ ಎರಡು ನಿಮಿಷದವರು ಎಂದೇ ಹೆಸರು. ಮೂವತ್ತೊಂದು ಜನ ಇದ್ದರು, ಅವರಲ್ಲಿ ನನ್ನ ತಮ್ಮ ಒಬ್ಬ.

ಮೊದಲ ನಾಲ್ಕು ವರ್ಷ ಎರಡು ನಿಮಿಷಕ್ಕೆ ಸರಿಯಾಗಿ ವಿದ್ಯುತ್ ಗಂಟೆ ಹೊಡೆಯುತ್ತಿತ್ತು. ಆಮೇಲೆ ಗಂಟೆ ಕೆಟ್ಟಿದೆ ಎಂದು ತೆಗೆದರು. ಅದರ ಜಾಗದಲ್ಲಿ ಹೊನ್ನೂರಸಾಬರನ್ನು ನಿಲ್ಲಿಸಿದರು. ಹಿರಿಯ ಫಿಟ್ಟರ್, ಅರವತ್ತು ದಾಟಿದವರು. ವಿಕಿರಣ ತಡೆಯುವ ಸೀಸದ ಗಾಜಿನ ಮೂಲಕ ಒಳಗೆ ನೋಡುತ್ತ, ಬೋಲ್ಟು ತಿರುಗಿಸುವ ಪಾನಾ ಹಿಡಿದು ಪೈಪಿನ ಮೇಲೆ ಟಣ್ ಟಣ್ ಎಂದು ನೂರಿಪ್ಪತ್ತು ಸಲ ಬಡಿಯುವುದು ಅವರ ಕೆಲಸ. ಒಂದು ಬಡಿತಕ್ಕೆ ಒಂದು ಸೆಕೆಂಡು. ಕೊನೆಯ ಬಡಿತಕ್ಕೆ ಒಳಗಿದ್ದವನು ಹೊರಗೆ ಬರಬೇಕು.

ಇನ್ನೊಂದು ರೂಢಿ ಇತ್ತು, ಅದನ್ನು ಹೇಳದಿದ್ದರೆ ಈ ಕಥೆ ಅರ್ಥವಾಗುವುದಿಲ್ಲ. ಹಿಡಿದ ಬೋಲ್ಟನ್ನು ಅರ್ಧಕ್ಕೆ ಬಿಟ್ಟು ಬಂದವನ ಹೆಸರನ್ನು ಸುಣ್ಣದ ಕಡ್ಡಿಯಿಂದ ಉಗಿಕೋಣೆಯ ಬಾಗಿಲ ಮೇಲೆ ಬರೆಯುತ್ತಿದ್ದರು. ಇನ್ನೊಬ್ಬ ಹೋಗಿ ಅದನ್ನು ಮುಗಿಸುವ ತನಕ ಹೆಸರು ಅಲ್ಲೇ. ಬರೆಸಿಕೊಂಡವನನ್ನು ವಾರವೆಲ್ಲ 'ಅರ್ಧ' ಎಂದು ಕರೆದು ಗೋಳು ಹೊಯ್ದುಕೊಳ್ಳುತ್ತಿದ್ದರು. ನಾನು ಬಿಟ್ಟ ಬೋಲ್ಟಿಗಾಗಿ ಇನ್ನೊಬ್ಬ ವಿಕಿರಣ ತಿನ್ನಬೇಕಲ್ಲ ಎಂಬ ನಾಚಿಕೆ ಅದು. ಇಂಥ ಒಳ್ಳೆಯತನ ನೋಡಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಹುಲುಗಪ್ಪ ನನಗಿಂತ ಹದಿನಾಲ್ಕು ವರ್ಷಕ್ಕೆ ಚಿಕ್ಕವನು. ಮದುವೆಯ ಮಾತು ಎತ್ತಿದರೆ ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತ ಮೂವತ್ತೆಂಟು ಮಾಡಿಕೊಂಡ. ಮನೆಯಲ್ಲಿ ನಾವಿಬ್ಬರೇ. ಒಂದು ಬೆಳಿಗ್ಗೆ ಹಲ್ಲುಜ್ಜಿ ಉಗುಳಿದ್ದು ಕೆಂಪಗಿತ್ತು. ನೋಡಿದರೆ ಕಾಲಿನ ತುಂಬ ನೇರಳೆ ಚುಕ್ಕೆ.

"ಸೊಳ್ಳಿ ಕಡದಾವ" ಎಂದ.

"ಸೊಳ್ಳಿ ಕಡದ್ರ ತುರಿಸ್ತಾವ. ಇವು ತುರಿಸ್ತಾವೇನು?"

"ಇಲ್ಲ."

"ಹಂಗಾರ ಬಾಯಿ ಮುಚ್ಚಿಕೊಂಡು ಕೈ ಚಾಚು."

ಅವತ್ತು ನಾನು ಸ್ಲೈಡಿನ ಮೇಲೆ ಅವನ ರಕ್ತ ಸವರಿ ನೋಡಿದಾಗ ಕುರ್ಚಿಯಿಂದ ಎದ್ದುಬಿಟ್ಟೆ. ರಕ್ತ ಹೆಪ್ಪುಗಟ್ಟಿಸುವ ಕಿರುತಟ್ಟೆಗಳು ಎಲ್ಲೋ ಒಂದೊಂದು. ಬಿಳಿ ಕಣಗಳು ಆಗಲೇ ಬಸವಳಿದಿದ್ದವು. ಕೆಂಪು ಕಣಗಳು ಮಾತ್ರ ಇನ್ನೂ ಒಂದಿಷ್ಟು ಮರ್ಯಾದೆ ಉಳಿಸಿಕೊಂಡಿದ್ದವು. ಅವಕ್ಕೆ ನಾಲ್ಕು ತಿಂಗಳ ಆಯಸ್ಸು, ಹಾಗಾಗಿ ಮಜ್ಜೆ ಸೋತ ಸುದ್ದಿ ಅವಕ್ಕೆ ಕೊನೆಗೆ ಮುಟ್ಟುತ್ತದೆ. ಮೂಳೆಯೊಳಗೆ ರಕ್ತ ತಯಾರಿಸುವ ಕಾರ್ಖಾನೆಯೇ ನಿಲ್ಲುತ್ತಿತ್ತು.

ಉಳಿಯುವ ದಾರಿ ಒಂದೇ, ಬೇರೆಯವರ ಮಜ್ಜೆಯ ಮರುನಾಟಿ. ನನ್ನದು ಅವನಿಗೆ ಹೊಂದುತ್ತಿತ್ತು. ಆದರೆ ನಾಟಿ ಮಾಡುವ ವಾರ್ಡು ಈ ಭಾಗದಲ್ಲಿ ಇದ್ದದ್ದು ಒಂದೇ, ಹಾಸಿಗೆ ಆರು. ವಿಕಿರಣ ಗೆರೆ ದಾಟಿದವರಿಗೆ ಮಾತ್ರ ಅಲ್ಲಿ ಜಾಗ. ಗೆರೆ ಇದ್ದದ್ದು ಸಾವಿರದ ಏಳುನೂರು ಮಿಲಿಸೀವರ್ಟಿಗೆ. ಕಂಪನಿಯ ಲೆಕ್ಕದಲ್ಲಿ ಹುಲುಗಪ್ಪನಿಗೆ ತಗುಲಿದ್ದು ಸಾವಿರದ ನಾನೂರು. ವಾರ್ಡಿನ ದೊಡ್ಡ ಡಾಕ್ಟರು ಕಡತ ನೋಡಿ, ಮೂರು ತಿಂಗಳೊಳಗೆ ನಾಟಿ ಆಗಬೇಕು, ಕಾಗದ ಸರಿ ಮಾಡಿಸಿಕೊಂಡು ಬನ್ನಿ ಎಂದರು.

ಕಂಪನಿ ಆ ಲೆಕ್ಕ ಹೇಗೆ ಮಾಡುತ್ತಿತ್ತು ಎಂದರೆ, ಉಗಿಕೋಣೆಯಲ್ಲಿ ನಿಮಿಷಕ್ಕೆ ಎಷ್ಟು ವಿಕಿರಣ, ಒಂದು ಸಲಕ್ಕೆ ಎರಡರಂತೆ ಒಳಗಿದ್ದದ್ದು ಎಷ್ಟು ನಿಮಿಷ, ಎರಡನ್ನೂ ಗುಣಿಸುವುದು. ಮೊದಲು ಎದೆಗೆ ಬ್ಯಾಡ್ಜು ಕೊಡುತ್ತಿದ್ದರು. ಹೆಚ್ಚು ತೋರಿಸಿದರೆ ಕೆಲಸದಿಂದ ತೆಗೆಯುತ್ತಾರೆಂದು ಇವರು ಅದನ್ನು ಮೊಳೆಗೆ ನೇತುಹಾಕಿ ಒಳಗೆ ಹೋಗುತ್ತಿದ್ದರು. ಅದೇ ನೆಪವಾಗಿ ಕಂಪನಿ ಬ್ಯಾಡ್ಜನ್ನೇ ನಿಲ್ಲಿಸಿತು.

ಯಂತ್ರ ಬಂದದ್ದು ಆ ಹೊತ್ತಿಗೇ. ಕಂಪನಿಯೇ ಪ್ರಯೋಗಕ್ಕೆಂದು ನಮ್ಮ ಲ್ಯಾಬಿಗೆ ಕೊಟ್ಟಿತ್ತು. ನಾವು ಅದಕ್ಕೆ ದಿನಚರಿ ಡಬ್ಬಿ ಎಂದು ಹೆಸರಿಟ್ಟೆವು. ಮಜ್ಜೆಯಲ್ಲಿ ಒಂದಿಷ್ಟು ತಾಯಿಕೋಶಗಳಿರುತ್ತವೆ. ದಿನವೂ ಕೋಟಿಗಟ್ಟಲೆ ರಕ್ತಕಣ ಹೆರುವುದು ಅವುಗಳ ಸಂತಾನವೇ. ಹೀಗೆ ಸದಾ ಒಡೆದು ಎರಡಾಗುತ್ತಿರುವ ಕೋಶಗಳ ಮೇಲೇ ವಿಕಿರಣದ ಏಟು ಜೋರು. ಏಟು ತಿಂದ ತಾಯಿಕೋಶ ಸಾಯಬಹುದು. ಬದುಕಿದರೆ, ಮುರಿದ ವರ್ಣತಂತುವನ್ನು ಅಡ್ಡಾದಿಡ್ಡಿ ಹೊಲಿದುಕೊಂಡು ಬದುಕುತ್ತದೆ. ಆ ಹೊಲಿಗೆ ಅದರ ಮಕ್ಕಳು ಮರಿಮಕ್ಕಳಿಗೆಲ್ಲ ಇಳಿಯುತ್ತದೆ. ಡಬ್ಬಿ ಆ ಹೊಲಿಗೆಗಳನ್ನು ಎಣಿಸಿ, ಯಾವುದು ಎಷ್ಟು ಹಳೆಯದು ಎಂದು ವರ್ಷವಾರು ಹೇಳುತ್ತಿತ್ತು.

ಹುಲುಗಪ್ಪನ ರಕ್ತಕ್ಕೆ ಅದು ಹೇಳಿದ್ದು ಸಾವಿರದ ಏಳುನೂರ ಅರವತ್ತು. ಗೆರೆಗಿಂತ ಅರವತ್ತು ಹೆಚ್ಚು. ನಾನು ಓಡಿ ಹೋಗಿ ಅವನಿಗೆ ಹೇಳಿದೆ. ಅವನು ಸಿಡಿದ.

"ಎರಡು ನಿಮಿಷ ಅಂದ್ರ ಎರಡು ನಿಮಿಷನ. ಹೊನ್ನೂರಸಾಬ ಕಾಕಾನ ಕೈ ಒಂದು ಬಡತ ಹೆಚ್ಚಿಲ್ಲ, ಕಮ್ಮಿ ಇಲ್ಲ. ನಿನ್ನ ಡಬ್ಬಿ ಅವನ್ನ ಸುಳ್ಳ ಅಂತೈತೇನು?"

"ಡಬ್ಬಿ ಯಾರನ್ನೂ ಏನೂ ಅಂದಿಲ್ಲಪ್ಪ. ನಿನ್ನ ರಕ್ತ ಅಂತೈತಿ."

"ಹಂಗಾರ ನನ್ನ ರಕ್ತಾನೂ ಸುಳ್ಳ!"

ಉಳಿದ ಮೂವತ್ತು ಮಂದಿಯ ರಕ್ತ ಪರೀಕ್ಷಿಸಿದೆ. ಎಲ್ಲರದೂ ಕಂಪನಿಯ ಲೆಕ್ಕಕ್ಕಿಂತ ಹೆಚ್ಚೇ, ಗೆರೆ ದಾಟಿದವನು ಮಾತ್ರ ತಮ್ಮನೊಬ್ಬನೇ. ಆ ಅಂಕಿಗಳನ್ನು ಹಚ್ಚಿ, ತಮ್ಮನ ಲೆಕ್ಕ ತಿದ್ದಬೇಕೆಂದು ಸರ್ಕಾರಕ್ಕೆ ಅರ್ಜಿ ಹಾಕಿದೆ. ಕಂಪನಿಯ ಡಾಕ್ಟರು ಸುಧೀಂದ್ರ ನನ್ನನ್ನು ರಿಯಾಕ್ಟರಿನ ನಿಯಂತ್ರಣ ಕೊಠಡಿಗೆ ಕರೆಸಿಕೊಂಡರು. ತಣ್ಣಗಿನ ಕೋಣೆ, ಗೋಡೆ ತುಂಬ ಪರದೆ.

"ನೋಡಿ ಪಂಪಾವತಿಯವರೇ, ಎಲ್ಲರದೂ ಒಂದೇ ಥರ ಹೆಚ್ಚು ಬರ್ತಿದೆ ಅಂದ್ರೆ ತಪ್ಪು ಜನರಲ್ಲಿಲ್ಲ, ಯಂತ್ರದಲ್ಲಿದೆ. ನಮ್ಮ ಲೆಕ್ಕಕ್ಕೆ ಸರಿಹೊಂದೋ ಹಾಗೆ ಅದನ್ನ ಇಳಿಸಿಬಿಡಿ. ವಿಚಾರಣೆ ಬೇರೆ ಇದೆ."

"ಇಳಿಸಿದ್ರ ಮೊದಲ ನಾಲ್ಕು ವರ್ಷದ ಲೆಕ್ಕ ತಪ್ಪತೈತ್ರಿ, ಸರ್. ಆ ನಾಲ್ಕು ವರ್ಷ ನಿಮ್ಮದು, ಡಬ್ಬೀದು ಒಂದ ಐತಿ. ವ್ಯತ್ಯಾಸ ಶುರು ಆಗಿದ್ದು ಐದನೇ ವರ್ಷದಿಂದ. ವರ್ಷ ವರ್ಷ ಏರತಾ ಹೋಗೈತಿ."

ಅವರು ನಕ್ಕರು. "ನೀವು ಟೆಕ್ನೀಷಿಯನ್ನು. ಹೇಳಿದಷ್ಟು ಮಾಡಿ."

ನನಗೆ ಉತ್ತರ ಕೊಡಬೇಕೆನಿಸಿತು, ಆದರೆ ಕಣ್ಣು ಬೇರೆಲ್ಲೋ ಹೋಗಿತ್ತು. ಉಗಿಕೋಣೆಯ ಬಾಗಿಲು ತೋರಿಸುವ ಪರದೆಯ ಮೂಲೆಗೆ ಬಿಳಿ ಪಟ್ಟಿ ಅಂಟಿಸಿದ್ದರು. ಗಾಯಕ್ಕೆ ಹಚ್ಚುವ ನಮ್ಮ ಆಸ್ಪತ್ರೆಯ ಪ್ಲಾಸ್ಟರು. ಅದೇನೆಂದು ಕೇಳಿದ್ದಕ್ಕೆ ಅಲ್ಲಿ ಕೂತಿದ್ದ ಆಪರೇಟರ್, ಅಂಕಿ ಮಿನುಗಿ ಕಣ್ಣಿಗೆ ಹೊಡೆಯುತ್ತದೆ ಮೇಡಂ ಎಂದ. ಇರಬಹುದು ಎಂದುಕೊಂಡು ಬಂದೆ. ಯಂತ್ರವನ್ನು ಮಾತ್ರ ಇಳಿಸಲಿಲ್ಲ.

ವಿಚಾರಣೆಗೆ ನಾಲ್ಕು ದಿನ ಇರುವಾಗ ಹೊನ್ನೂರಸಾಬರು ತಮ್ಮನನ್ನು ನೋಡಲು ಮನೆಗೆ ಬಂದರು. ಬೆಳಗಿನ ಹೊತ್ತು. ಒಂದು ಪಾತ್ರೆ ತುಂಬ ಮಂಡಕ್ಕಿಯ ಬಿಸಿ ಸೂಸ್ಲಾ, ಮೇಲೆ ಮಿರ್ಚಿ. ಹುಲುಗಪ್ಪ ಅಂಗಳದ ಕಬ್ಬಿಣದ ಮಂಚದ ಮೇಲೆ ಒರಗಿದ್ದ. ನಾನು ಅವನ ಕಿವಿಯ ತುದಿಗೆ ಸೂಜಿ ಚುಚ್ಚಿ, ರಕ್ತ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ನೋಡುತ್ತಿದ್ದೆ. ಈಗ ಯಾರೂ ಮಾಡದ ಹಳೆಯ ಪರೀಕ್ಷೆ. ನನಗೆ ಮಾತ್ರ ಅದರ ಮೇಲೇ ನಂಬಿಕೆ. ಒಂದು ಕೈಯಲ್ಲಿ ರಕ್ತ ಹೀರುವ ಒತ್ತುಕಾಗದ, ಇನ್ನೊಂದರಲ್ಲಿ ಸ್ಟಾಪ್‌ವಾಚು.

ಚುಚ್ಚಿದ ಕೂಡಲೇ ಸಾಬರ ಕೈ ತಾನಾಗಿ ಎದ್ದಿತು. ಬೆರಳಿನ ಉಂಗುರದಿಂದ ಮಂಚದ ಕಂಬಿಗೆ ಟಣ್, ಟಣ್. ಹುಲುಗಪ್ಪ ಕಣ್ಣು ಮುಚ್ಚಿದ. ಅವನ ಮುಖದ ಗಂಟು ಸಡಿಲಾಗಿದ್ದನ್ನು ಎಷ್ಟೋ ದಿನದ ಮೇಲೆ ನೋಡಿದೆ. ಆ ಸದ್ದು ಕೇಳುತ್ತಿದ್ದರೆ ಅವನಿಗೆ ಭಯವೇ ಇಲ್ಲ.

"ಎರಡು ನಿಮಿಷ ಆತು ನೋಡವ್ವ, ಪಂಪವ್ವ" ಎಂದರು ಸಾಬರು.

ಸ್ಟಾಪ್‌ವಾಚು ಮೂರು ನಿಮಿಷ ಹದಿನೆಂಟು ಸೆಕೆಂಡು ತೋರಿಸುತ್ತಿತ್ತು.

ರಕ್ತ ಇನ್ನೂ ನಿಂತಿರಲಿಲ್ಲ. ಒತ್ತುಕಾಗದದ ಮೇಲೆ ಒಂದರ ಪಕ್ಕ ಒಂದು ಕೆಂಪು ಬೊಟ್ಟು ಬೀಳುತ್ತಲೇ ಇತ್ತು. ನಾನು ವಾಚನ್ನು ಮಂಚದ ಮೇಲಿಟ್ಟು, ಚಹಾ ತರುತ್ತೇನೆಂದು ಒಳಗೆ ಹೋದೆ. ಒಲೆಯ ಮುಂದೆ ಲೆಕ್ಕ ಹಾಕಿದೆ. ಹೋದ ವರ್ಷ ಕಂಪನಿ ನೂರು ಎಂದದ್ದಕ್ಕೆ ಡಬ್ಬಿ ನೂರ ಅರವತ್ತೈದು ಎಂದಿತ್ತು. ನೂರಿಪ್ಪತ್ತು ಸೆಕೆಂಡಿಗೆ ನೂರ ತೊಂಬತ್ತೆಂಟು ಸೆಕೆಂಡು. ಅದೂ ನೂರಕ್ಕೆ ನೂರ ಅರವತ್ತೈದೇ. ಡಬ್ಬಿ ಅಳೆದದ್ದು ಸಾಬರ ಕೈಯನ್ನು.

ಅವರು ಹೋದ ಮೇಲೆ ತಮ್ಮನಿಗೆ ಹೇಳಿದೆ. ಮಂಚದ ಮೇಲಿನ ವಾಚನ್ನು ಕೈಗೆತ್ತಿಕೊಂಡು ನೋಡಿದ.

"ಇದನ್ನ ವಿಚಾರಣ್ಯಾಗ ಹೇಳಬ್ಯಾಡ, ಅಕ್ಕಾ."

"ಹೇಳ್ದಿದ್ರ ನೀನು ಉಳಿಯಂಗಿಲ್ಲ."

"ಹೇಳಿದ್ರ ಅವನು ಉಳಿಯಂಗಿಲ್ಲ. ಹೆಂಡ್ತಿ ಸತ್ತ ದಿನಾನೂ ಮಣ್ಣು ಮಾಡಿ ಬಂದು ನಮಗ ಎಣಿಸಿದ ಮನುಷ್ಯ. ಅವನ ಕೈಯಿಂದನ ನಮಗ ಹಿಂಗಾತು ಅಂತ ಅವನಿಗೆ ಹೆಂಗ ಹೇಳ್ತಿ? ಆಣಿ ಮಾಡು."

ನಾನು ಆಣೆ ಮಾಡಲಿಲ್ಲ. ನನಗೆ ನನ್ನ ತಮ್ಮ ಬೇಕಾಗಿತ್ತು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ವಿಚಾರಣೆ ತಾಲ್ಲೂಕು ಕಚೇರಿಯ ಸಭಾಂಗಣದಲ್ಲಿ. ವಿಚಾರಣಾಧಿಕಾರಿ ಶ್ರೀಮತಿ ಮಥಾಯಸ್ ಮಂಗಳೂರು ಕಡೆಯವರು, ಕನ್ನಡಕದ ಮೇಲಿಂದ ನೋಡುವ ಹೆಂಗಸು. ಒಂದು ಬದಿ ಕಂಪನಿಯ ವಕೀಲ ಮತ್ತು ಸುಧೀಂದ್ರ. ಇನ್ನೊಂದು ಬದಿ ಮೂವತ್ತೊಂದು ಜನ, ಅವರ ನಡುವೆ ಹೊನ್ನೂರಸಾಬರು. ಹುಲುಗಪ್ಪನಿಗೆ ಮುಖವಸ್ತ್ರ ಕಟ್ಟಿ ಕಿಟಕಿಯ ಪಕ್ಕ ಕೂರಿಸಿದ್ದೆ.

ಸುಧೀಂದ್ರ ಯಂತ್ರದ ದೋಷವನ್ನು ಇಪ್ಪತ್ತು ನಿಮಿಷ ವಿವರಿಸಿದರು. ಟೆಕ್ನೀಷಿಯನ್ ಹಟಮಾರಿ ಎಂದೂ ಸೇರಿಸಿದರು. ಅಲ್ಲಿಯವರೆಗೆ ಅವರು ಹೇಳಿದ್ದರಲ್ಲಿ ನಿಜ ಅದೊಂದೇ.

"ಮೊದಲ ನಾಲ್ಕು ವರ್ಷ ಸರಿ, ಆಮೇಲೆ ಮಾತ್ರ ಯಾಕೆ ಹೆಚ್ಚು?" ಮಥಾಯಸ್ ನನ್ನನ್ನು ಕೇಳಿದರು. "ನಿಮಗೆ ಕಾರಣ ಗೊತ್ತುಂಟಾ?"

"ಗೊತ್ತೈತ್ರಿ."

"ಹೇಳಿ ಮತ್ತೆ."

ಬಾಯಿ ತೆರೆದೆ. ಹುಲುಗಪ್ಪ ನನ್ನನ್ನೇ ನೋಡುತ್ತಿದ್ದ. ಸಾಬರು ಮಡಿಲಲ್ಲಿ ಟೋಪಿ ಇಟ್ಟುಕೊಂಡು ನೆಲ ನೋಡುತ್ತಿದ್ದರು. ನಾಲ್ಕು ದಿನದಿಂದ ಬಾಯಿಪಾಠ ಮಾಡಿದ್ದ ಮಾತನ್ನು ಬಿಟ್ಟು ಬಾಯಿ ಮುಚ್ಚಿಕೊಂಡೆ.

"ಹೇಳದಿದ್ದರೆ ಈ ಅರ್ಜಿ ಬಿದ್ದು ಹೋಗ್ತದೆ" ಎಂದರು ಮಥಾಯಸ್.

ಆಗ ಸಾಬರು ಎದ್ದರು.

"ಆಕಿ ಹೇಳಂಗಿಲ್ರಿ, ಮೇಡಂ. ನನ್ನ ಮ್ಯಾಲ ಮರ್ಯಾದಿ ಐತಿ ಆಕೀಗೆ. ಆವತ್ತು ಮಂಚದ ಮ್ಯಾಲ ವಾಚು ಇಟ್ಟು ಒಳಗ ಹೋದ್ಲು, ನಾನು ನೋಡ್ದೆ. ನಾಕು ದಿನದಿಂದ ಗ್ವಾಡಿ ಗಡಿಯಾರದ ಮುಂದ ಕುಂತು ಬಡದ ನೋಡೀನಿ. ನೀವೂ ನೋಡ್ರಿ."

ಮೇಜಿನ ಹತ್ತಿರ ಬಂದು ಉಂಗುರದ ಬೆರಳು ಎತ್ತಿದರು. ಟಣ್. ಟಣ್. ಮಥಾಯಸ್ ತಮ್ಮ ಕೈಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡರು. ಎರಡು ನಿಮಿಷ ದಾಟಿತು, ಸಾಬರು ಇನ್ನೂ ಎಪ್ಪತ್ತೈದರ ಹತ್ತಿರ ಇದ್ದರು. ಎರಡು ನಿಮಿಷದವರ ಸಾಲಿನಲ್ಲಿ ಒಬ್ಬೊಬ್ಬರೇ ತಲೆಯೆತ್ತಿ ಗೋಡೆ ಗಡಿಯಾರ ನೋಡತೊಡಗಿದರು. ನೂರಿಪ್ಪತ್ತನೆಯ ಬಡಿತ ಬಿದ್ದಾಗ ಮೂರು ನಿಮಿಷ ಇಪ್ಪತ್ತು ಸೆಕೆಂಡು.

"ವಯಸ್ಸಾತು, ಅದೊಂದು" ಎಂದರು ಸಾಬರು. "ಇನ್ನೊಂದೂ ಐತಿ. ಗಾಜಿನ್ಯಾಗ ನೋಡ್ತಿರ್ತೀನಿ. ಬೋಲ್ಟು ಇನ್ನೊಂದು ಸುತ್ತು ಉಳದಿರತೈತಿ. ಅರ್ಧಕ್ಕ ಬಿಟ್ಟು ಬಂದ್ರ ಹುಡುಗನ ಹೆಸರು ಬಾಗಲದ ಮ್ಯಾಲ ಬರೀತಾರ. ಆ ಮಾರಿ ನೋಡಾಕ ನನ್ನ ಕಡೆ ಆಗ್ತಿರಲಿಲ್ಲ. ಕೈ ತಾನ ನಿಧಾನ ಆಗ್ತಿತ್ತು. ತಪ್ಪು ನಂದ ಐತಿ, ಬರಕೋರಿ."

ಕಂಪನಿಯ ವಕೀಲ ಕುರ್ಚಿಯಿಂದ ಜಿಗಿದ. "ಬರೆದುಕೊಳ್ಳಿ ಮೇಡಂ! ಇದು ಕಂಪನಿಯ ತಪ್ಪಲ್ಲ, ಈ ಮನುಷ್ಯನ ವೈಯಕ್ತಿಕ ನಿರ್ಲಕ್ಷ್ಯ ಅಂತ ಬರೆದುಕೊಳ್ಳಿ!"

ನನ್ನ ಬಾಯಿ ಆಗ ಮತ್ತೆ ತೆರೆಯಿತು. ತೆರೆದದ್ದು ನಮ್ಮ ಓಣಿಯ ನಲ್ಲಿಯ ಮುಂದೆ ಏರುವ ಸ್ವರದಲ್ಲಿ.

"ಬರಕೊಳ್ಳಾಕ ಇನ್ನೂ ಐತಿ, ಕುಂದ್ರಿ! ಗಂಟಿ ತಗದವರು ಯಾರು? ನಿಯಂತ್ರಣ ಕೋಣ್ಯಾಗ ಬಾಗಲದ ಪರದೆ ಮ್ಯಾಲ ನಮ್ಮ ಆಸ್ಪತ್ರೆ ಪ್ಲಾಸ್ಟರ್ ಹಚ್ಚೀರಲ್ಲ, ಅದರ ಕೆಳಗ ಏನೈತಿ? ಬಾಗಲ ಮುಚ್ಚಿದ ಕೂಡಲೇ ಅಲ್ಲಿ ಸೆಕೆಂಡು ಓಡತಾವೋ ಇಲ್ಲೋ? ಮುದುಕನ ಕಣ್ಣಿಗೆ ಗಡಿಯಾರ ಇರಲಿಲ್ಲ. ನಿಮ್ಮ ಕಣ್ಣಿಗೆ ಇತ್ತು. ಅದಕ್ಕ ಪಟ್ಟಿ ಹಚ್ಚಿದ್ರಿ!"

ಅದರ ಕೆಳಗೆ ಏನಿದೆ ಎಂದು ನಾನು ಕಣ್ಣಾರೆ ನೋಡಿರಲಿಲ್ಲ, ನಿಜ. ಸುಧೀಂದ್ರರ ಮುಖ ನೋಡಿದ ಮೇಲೆ ನೋಡುವ ಅಗತ್ಯ ಉಳಿಯಲಿಲ್ಲ.

ಸಾಬರು ನಿಧಾನವಾಗಿ ವಕೀಲನ ಕಡೆ ತಿರುಗಿದರು. "ಗಂಟಿ ಕೆಟ್ಟಿರಲಿಲ್ರಿ, ಸಾಹೇಬ್ರ. ನಾನ ಬಿಚ್ಚಿ ಕೊಟ್ಟೀನಿ, ಚಲೋನ ಇತ್ತು. ಗಂಟಿ ಹೊಡದ್ರ ಹುಡುಗ್ರು ಕೆಲಸ ಬಿಟ್ಟು ಬರ್ತಾರ, ನಾನು ಎಣಿಸಿದ್ರ ಮುಗಿಸಿ ಬರ್ತಾರ ಅಂತ ನಿಮ್ಮ ಎಂಜಿನಿಯರ್ ಸಾಹೇಬ್ರು ಹೇಳಿದ್ರು. ಒಂದು ಬೋಲ್ಟೂ ಅರ್ಧ ಉಳದಿಲ್ಲ ಅಂತ ಎಲ್ಲರ ಮುಂದ ಶಾಲು ಹೊಚ್ಚಿದ್ರಿ. ಶಾಲು ಹೊಚ್ಚೂ ಮುಂದ ನಿಮಗ ಗೊತ್ತಿತ್ತು, ನನಗ ಗೊತ್ತಿರಲಿಲ್ಲ."

ಮಥಾಯಸ್ ಅಂದೇ ಮಧ್ಯಾಹ್ನ ಪೊಲೀಸರೊಡನೆ ನಿಯಂತ್ರಣ ಕೊಠಡಿಗೆ ಹೋಗಿ ಪಟ್ಟಿ ಕಿತ್ತರು. ಕೆಳಗೆ ಕೆಂಪು ಅಂಕಿ. ಆ ಪರದೆಯ ಕಂಪ್ಯೂಟರಿನ ನೆನಪಿನಲ್ಲಿ ಗಂಟೆ ತೆಗೆದ ಮೇಲಿನ ಆರು ವರ್ಷದ ಒಂದೊಂದು ಪ್ರವೇಶವೂ ಇತ್ತು: ಮೊದಲ ವರ್ಷ ಎರಡು ನಿಮಿಷ ಹದಿನೆಂಟು ಸೆಕೆಂಡು, ಆಮೇಲೆ ಎರಡೂವರೆ, ಕೊನೆಗೆ ಮೂರು ದಾಟಿ. ಅವನ್ನು ಗುಣಿಸಿ ಕೂಡಿದಾಗ ಹುಲುಗಪ್ಪನ ಲೆಕ್ಕ ಸಾವಿರದ ಏಳುನೂರ ಐವತ್ತೆಂಟಕ್ಕೆ ಬಂತು. ಡಬ್ಬಿಗೂ ಅದಕ್ಕೂ ವ್ಯತ್ಯಾಸ ಎರಡು. ಅಷ್ಟು ಅವರೇ ಇಟ್ಟುಕೊಳ್ಳಲಿ.

ಹನ್ನೊಂದು ದಿನದ ಮೇಲೆ ಆರು ಹಾಸಿಗೆಯ ವಾರ್ಡಿನಲ್ಲಿ ನನ್ನ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಅವನಿಗೆ ಏರಿಸಿದರು. ಮೂರು ವಾರ ಅವನ ರಕ್ತದಲ್ಲಿ ಬಿಳಿ ಕಣಗಳೇ ಇರಲಿಲ್ಲ. ದಿನವೂ ಸ್ಲೈಡು ತರಿಸಿಕೊಂಡು ನೋಡುತ್ತಿದ್ದೆ. ಇಪ್ಪತ್ತೆರಡನೆಯ ದಿನ ಒಂದು ಕಂಡಿತು. ಇನ್ನೊಂದು ಸಲ ನೋಡಿದೆ, ಎರಡಿದ್ದವು. ಸೂಕ್ಷ್ಮದರ್ಶಕದ ಮೇಲೆ ತಲೆಯಿಟ್ಟು ಜೋರಾಗಿ ಅತ್ತೆ, ಪಕ್ಕದ ಕೋಣೆಯ ನರ್ಸಮ್ಮ ಓಡಿ ಬಂದಳು.

ಈಗ ಅವನ ಮೈಯಲ್ಲಿ ಹರಿಯುವುದು ನನ್ನ ರಕ್ತ. ಗುಂಪೂ ನನ್ನದೇ ಆಗಿದೆ. ಆರು ತಿಂಗಳ ಮೇಲೆ ಕಂಪನಿ ಮೇಲ್ಮನವಿ ಹಾಕಿ, ಅವನನ್ನು ಮತ್ತೆ ಅದೇ ಡಬ್ಬಿಯಲ್ಲಿ ಪರೀಕ್ಷಿಸಿ ಎಂದಿತು. ಪರೀಕ್ಷಿಸಿದೆ. ಡಬ್ಬಿ ಸೊನ್ನೆ ತೋರಿಸಿತು. ಹೊಸ ತಾಯಿಕೋಶಗಳು ಉಗಿಕೋಣೆಯನ್ನು ಕಂಡೇ ಇಲ್ಲ, ಅವಕ್ಕೇನು ಗೊತ್ತು? ವಕೀಲ ಆ ಸೊನ್ನೆಯನ್ನು ಎತ್ತಿ ತೋರಿಸಿದಾಗ ನಾನು ನಾಟಿಗೆ ಮೊದಲಿನ ಅವನ ರಕ್ತದ ಸ್ಲೈಡುಗಳ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟೆ. ಒಂದನ್ನೂ ಬಿಸಾಡಿಲ್ಲ. ಮೇಲ್ಮನವಿ ಬಿದ್ದುಹೋಯಿತು.

ಉಗಿಕೋಣೆಗೆ ಗಂಟೆ ವಾಪಸು ಬಂತು. ಅದು ಮೊದಲ ಸಲ ಹೊಡೆಯುವ ದಿನ ನಾನು ರಕ್ತ ತೆಗೆಯುವ ಸರಂಜಾಮು ಹಿಡಿದು ಬಾಗಿಲ ಬಳಿ ಇದ್ದೆ. ಒಳಗೆ ಹೋಗಿದ್ದವನು ಮೌನೇಶ, ಹುಲುಗಪ್ಪನ ಜೊತೆಗಾರ. ಇನ್ನೆಂದೂ ಒಳಗೆ ಹೋಗಲಾಗದ ಹುಲುಗಪ್ಪ ಸೀಸದ ಗಾಜಿನ ಮುಂದೆ ನಿಂತಿದ್ದ. ಹೊನ್ನೂರಸಾಬರು ಬರುವುದಿಲ್ಲ ಎಂದಿದ್ದರು, ಇವನೇ ಕೈ ಹಿಡಿದು ಎಳೆದುಕೊಂಡು ಬಂದಿದ್ದ.

ಗಂಟೆ ಹೊಡೆಯಿತು. ಬೋಲ್ಟು ಇನ್ನೂ ಎರಡು ಸುತ್ತು ಬಾಕಿ. ಮೌನೇಶ ಗಾಜಿನ ಕಡೆ ನೋಡಿದ, ಬೋಲ್ಟಿನ ಕಡೆ ನೋಡಿದ, ಮತ್ತೆ ಪಾನಾ ಹಾಕಿದ. ರೂಢಿ ಅಷ್ಟು ಬೇಗ ಬಿಡುತ್ತದೆಯೇ?

ಸಾಬರು ಎರಡೂ ಕೈಯಿಂದ ಗಾಜು ಬಡಿದರು. "ಬಿಟ್ಟು ಬಾರಲೇ! ಅರ್ಧಕ್ಕ ಬಿಟ್ಟು ಬಾ!"

ಅವನು ಪಾನಾವನ್ನು ಬೋಲ್ಟಿಗೇ ನೇತುಬಿಟ್ಟು ಹೊರಗೆ ಬಂದ. ಮುಸುಕು ತೆಗೆದು, ತೊಯ್ದ ಮುಖದಲ್ಲಿ ನೆಲ ನೋಡುತ್ತ ನಿಂತ. ಎಂಜಿನಿಯರ್ ಏನೋ ಗೊಣಗಿದ. ಸಾಬರು ಸುಣ್ಣದ ಕಡ್ಡಿಯನ್ನು ಮೌನೇಶನ ಕೈಗೆ ಕೊಟ್ಟರು. ಅವನು ಒಂದು ಗಳಿಗೆ ತಡೆದು, ಬಾಗಿಲ ಮೇಲೆ ತನ್ನ ಹೆಸರನ್ನು ತಾನೇ ಬರೆದ, ಮೊಳದುದ್ದ ಅಕ್ಷರದಲ್ಲಿ.

ಎರಡನೆಯವನೂ ಅರ್ಧಕ್ಕೆ ಬಿಟ್ಟು ಬಂದು ಬರೆದ. ವಾರ ಮುಗಿಯುವ ಹೊತ್ತಿಗೆ ಬಾಗಿಲ ಮೇಲೆ ಮೂವತ್ತು ಹೆಸರಿತ್ತು. ಎಂಜಿನಿಯರ್ ಒರೆಸಿದ. ಮತ್ತೆ ಬರೆದರು. ಮೂವತ್ತೊಂದನೆಯದನ್ನು ಹುಲುಗಪ್ಪ ಬರೆದ, ಬಾಗಿಲಿನ ತೀರ ಮೇಲೆ, ಎಂಜಿನಿಯರಿನ ಕೈ ಎಟುಕದ ಕಡೆ. ಅದರ ಪಕ್ಕ ಇನ್ನೊಂದು ಹೆಸರಿಗೆ ಜಾಗ ಬಿಟ್ಟು, ಕಡ್ಡಿಯನ್ನು ಹೊನ್ನೂರಸಾಬರ ಕಡೆ ಚಾಚಿದ.

"ನಾನು ಒಳಗ ಹೋದಂವ ಅಲ್ಲಲೇ" ಎಂದರು ಸಾಬರು.

"ಬರಿ ಕಾಕಾ" ಎಂದ ನನ್ನ ತಮ್ಮ. "ನಮ್ಮ ಕೂಡ ನೀನೂ ಒಳಗ ಇದ್ದಿ."

ಸಾಬರು ನಿಧಾನವಾಗಿ, ಬೇಕಾದಷ್ಟು ಹೊತ್ತು ತೆಗೆದುಕೊಂಡು ಬರೆದರು.